ಯುದ್ಧಕಾಲದ ಉಕ್ರೇನ್ ಸ್ಟ್ಯಾಂಡಪ್: ನಗುವಿನ ಗುರಿ ಯಾರು, ಅದು ಬದಲಾಗಿದ್ದು ಯಾಕೆ?

ತೆರೆಮರೆ
ಉಕ್ರೇನಿನ ಹಾಸ್ಯ ಅಂದ ಕೂಡಲೇ ನಮ್ಮಲ್ಲಿ ಮಾತು ಹಾಸ್ಯನಟರಾಗಿದ್ದ ಅಧ್ಯಕ್ಷ ಝೆಲೆನ್‌ಸ್ಕಿ ಹತ್ತಿರ ಹೋಗಿ ನಿಂತುಬಿಡುತ್ತೆ. ಆದರೆ ರಷ್ಯಾದ ಪೂರ್ಣ ದಾಳಿ ಶುರುವಾದ 2022ರ ಫೆಬ್ರುವರಿ 24ರ ನಂತರ ಅಲ್ಲಿ ಬೆಳೆದಿದ್ದು ಅವರ ಕಾಲದ ಟಿವಿ ಹಾಸ್ಯ ಅಲ್ಲ, ಒಬ್ಬರೇ ಮೈಕ್ ಹಿಡಿದು ನಿಲ್ಲೋ ಸ್ಟ್ಯಾಂಡಪ್. ನೆಲಮಾಳಿಗೆಗಳಲ್ಲಿ ಶುರುವಾಗಿದ್ದು ಈಗ ಕೀವ್‌ನ ದೊಡ್ಡ ಸಭಾಂಗಣ ತುಂಬಿಸುತ್ತಿದೆ. ಈ ವಿಷಯ ಬಲ್ಲವರು ಹೇಳಿ: ವಾಯುದಾಳಿ ಸೈರನ್ ನಡುವೆ ಶೋ ನಡೆಯೋದು ಹೇಗೆ? ಯಾವ ಜೋಕು ನಡೆಯುತ್ತೆ, ಯಾವುದು ನಡೆಯಲ್ಲ? ಸಮಾಜದ ಕನ್ನಡಿ ಅಂತಾರಲ್ಲ, ಆ ಕನ್ನಡಿಯಲ್ಲಿ ನಿಜಕ್ಕೂ ಏನು ಕಾಣುತ್ತೆ? ‘ನಗು ಎಲ್ಲ ನೋವಿಗೂ ಮದ್ದು’ ಅನ್ನೋ ಥರದ ಉತ್ತರ ಬೇಡ, ದಯವಿಟ್ಟು.

ರಂಗಸಜ್ಜಿಕೆ
ಮೊದಲು ವಂಶಾವಳಿ ಸರಿಮಾಡಿಕೊಳ್ಳೋಣ. ಝೆಲೆನ್‌ಸ್ಕಿ ಬಂದಿದ್ದು ಕೆವಿಎನ್ ಅನ್ನೋ ಸೋವಿಯತ್ ಕಾಲದ ತಂಡ ಸ್ಪರ್ಧೆಯಿಂದ. 1961ರಲ್ಲಿ ಮಾಸ್ಕೋ ಟಿವಿಯಲ್ಲಿ ಶುರುವಾಗಿದ್ದು ಅದು: ಕಾಲೇಜು ಹುಡುಗರ ತಂಡಗಳು ಸ್ಕಿಟ್, ಹಾಡು, ತಕ್ಷಣದ ಪ್ರಶ್ನೋತ್ತರ ಮಾಡ್ತಾವೆ, ತೀರ್ಪುಗಾರರು ಅಂಕ ಕೊಡ್ತಾರೆ. ಕ್ರಿವಿಯ್ ರಿಹ್ ಊರಿನ ‘ಕ್ವರ್ತಾಲ್ 95’ ಅಂಥ ಒಂದು ತಂಡ. 2003ರಲ್ಲಿ ಅದು ಸ್ವಂತ ಸ್ಟುಡಿಯೊ ಆಯ್ತು. 2015ರಲ್ಲಿ ‘ಲೀಗಾ ಸ್ಮೀಹು’ ಅಂತ ಕೆವಿಎನ್‌ಗೆ ಪರ್ಯಾಯವಾಗಿ ತನ್ನದೇ ಸ್ಪರ್ಧೆ ಕಟ್ಟಿತು. 2019ರ ಏಪ್ರಿಲ್ 21ರಂದು ಝೆಲೆನ್‌ಸ್ಕಿ 73.22% ಮತ ಪಡೆದು ಅಧ್ಯಕ್ಷ ಚುನಾವಣೆ ಗೆದ್ದರು.

ಈ ಪರಂಪರೆಯ ಹಾಸ್ಯದಲ್ಲಿ ವೇಷ ಇರುತ್ತೆ, ಪಾತ್ರ ಇರುತ್ತೆ, ಹತ್ತು ಜನ ಬರಹಗಾರರು ಇರ್ತಾರೆ. ಯಾರು ಹೇಳಿದರು ಅನ್ನೋದಕ್ಕಿಂತ ಯಾವ ಪಾತ್ರ ಹೇಳಿತು ಅನ್ನೋದು ಮುಖ್ಯ. ಸ್ಟ್ಯಾಂಡಪ್ ಇದಕ್ಕೆ ತದ್ವಿರುದ್ಧ. ಕೀವ್‌ನ ‘ಪಿದ್‌ಪಿಲ್ನಿ ಸ್ಟ್ಯಾಂಡಪ್’ ಬಳಗ ಯುದ್ಧಕ್ಕೆ ಮೊದಲೇ ಸಣ್ಣ ಬಾರುಗಳಲ್ಲಿ ಉಕ್ರೇನಿಯನ್ ಭಾಷೆಯಲ್ಲಿ ಇದನ್ನು ಕಟ್ಟುತ್ತಿತ್ತು. ಆಂಟನ್ ತಿಮೊಶೆಂಕೊ, ವಸಿಲ್ ಬಾಯ್ದಾಕ್, ನಾಸ್ತ್ಯಾ ಝುಖ್ವಾಲಾ, ಸೆರ್ಹಿಯ್ ಲಿಪ್ಕೊ ಈ ಪೀಳಿಗೆಯವರು. ಯುದ್ಧ ಬಂದ ಮೇಲೆ ‘ನೀನು ಯಾರು, ಎಲ್ಲಿದ್ದೆ, ಏನು ಮಾಡಿದೆ’ ಅನ್ನೋ ಪ್ರಶ್ನೆ ಪ್ರತಿಯೊಬ್ಬರ ಮೇಲೂ ಬಿತ್ತು. ಪಾತ್ರದ ಹಿಂದೆ ಅಡಗೋ ಹಾಸ್ಯಕ್ಕೆ ಅದಕ್ಕೆ ಉತ್ತರ ಕೊಡೋಕೆ ಆಗಲಿಲ್ಲ. ತನ್ನ ಹೆಸರಲ್ಲೇ ನಿಲ್ಲೋ ಹಾಸ್ಯಕ್ಕೆ ಆಯ್ತು. ತಿಮೊಶೆಂಕೊ ಯುದ್ಧದ ನಡುವೆಯೇ ‘ಪಲಾಟ್ಸ್ ಉಕ್ರೈನಾ’ ತುಂಬಿಸಿದರು. ಅಲ್ಲಿ 3,700ಕ್ಕೂ ಹೆಚ್ಚು ಆಸನ. ಹಿಂದೆ ಅದು ದೊಡ್ಡ ಗಾಯಕರಿಗೆ, ಕ್ವರ್ತಾಲ್ ಥರದ ಟಿವಿ ತಂಡಗಳಿಗೆ ಸಿಗ್ತಿದ್ದ ವೇದಿಕೆ.

ಬಿಳಿಗಿರಿ_ಧ್ವನಿ
ಶೋ ನಡೆಸೋ ವಿಷಯ ನಾನು ಹೇಳ್ತೀನಿ. ಹಾಸ್ಯದ ಆಕಾರವನ್ನೇ ಇದು ಬದಲಿಸಿದೆ.

ಸಮಯ: ಕೀವ್‌ನಲ್ಲಿ ಕರ್ಫ್ಯೂ ರಾತ್ರಿ 12ರಿಂದ ಬೆಳಗ್ಗೆ 5. ಮೆಟ್ರೊದ ಕೊನೆಯ ಗಾಡಿಗಳು 11ಕ್ಕೂ ಮುಂಚೆ ಹೊರಟುಬಿಡ್ತವೆ. ಸೈರನ್ ಆದಾಗ ಮೆಟ್ರೊದ ನೆಲದ ಮೇಲಿನ ಭಾಗ ನಿಲ್ಲುತ್ತೆ, ಅಂದರೆ ದ್ನಿಪ್ರೊ ನದಿ ದಾಟೋ ಸೇತುವೆಗಳೂ. ಎಡದಂಡೆಯಿಂದ ಬಂದ ಪ್ರೇಕ್ಷಕರು ಸಿಕ್ಕಿಹಾಕಿಕೊಳ್ತಾರೆ. ಹಾಗಾಗಿ 7ಕ್ಕೆ ಶುರುವಾದ ಶೋ 9ಕ್ಕೆ ಮುಗೀಬೇಕು, ಮಧ್ಯೆ ಒಂದು ಗಂಟೆ ಸೈರನ್‌ಗೆ ಅಂತಲೇ ಇಟ್ಟುಕೊಂಡಿರಬೇಕು.

ಟಿಕೆಟ್: 2022ರಲ್ಲಿ ರಂಗಮಂದಿರಗಳು ಮತ್ತೆ ತೆರೆದಾಗ ಲೆಕ್ಕ ಆಸನದ್ದಲ್ಲ, ಆಶ್ರಯತಾಣದ್ದು. 400 ಆಸನ ಇದ್ದರೂ ಕೆಳಗೆ 150 ಜನಕ್ಕೆ ಜಾಗ ಅಂದರೆ ಮಾರಾಟ 150 ಮಾತ್ರ. ಸಣ್ಣ ಸ್ಟ್ಯಾಂಡಪ್ ಜಾಗಗಳಿಗೆ ಇದೇ ವರವಾಯ್ತು: ಅವು ಮೊದಲಿಂದಲೂ ನೆಲಮಾಳಿಗೆಯಲ್ಲೇ ಇದ್ದವು, ಇಡೀ ಶೋ ಆಶ್ರಯತಾಣದ ಒಳಗೇ ನಡೆಯುತ್ತಿತ್ತು.

ಸೈರನ್ ಆದರೆ: ಶೋ ನಿಲ್ಲಿಸಿ, ಪ್ರಕಟಣೆ ಕೊಟ್ಟು, ಜನರನ್ನು ಕೆಳಗೆ ಕಳಿಸಬೇಕು. ಹೆಚ್ಚಿನ ರಂಗಮಂದಿರಗಳ ಪದ್ಧತಿ ಏನಂದ್ರೆ ಒಂದು ಗಂಟೆಯೊಳಗೆ ‘ವಿದ್ಬಿಯ್’ (ಅಪಾಯ ಮುಗಿದ ಸೂಚನೆ) ಬಂದರೆ ನಿಂತಲ್ಲಿಂದ ಮುಂದುವರಿಕೆ, ಇಲ್ಲದಿದ್ದರೆ ಇನ್ನೊಂದು ದಿನಕ್ಕೆ ಮುಂದೂಡಿಕೆ, ಹಳೇ ಟಿಕೆಟ್ಟೇ ನಡೆಯುತ್ತೆ.

ಕರೆಂಟ್: 2022ರ ಅಕ್ಟೋಬರ್ 10ರಿಂದ ವಿದ್ಯುತ್ ಜಾಲದ ಮೇಲೆ ದೊಡ್ಡ ದಾಳಿಗಳು ಶುರು. ಸುಮಾರು 80 ಜನರ ಜಾಗಕ್ಕೆ ಲೆಕ್ಕ ಹಾಕಿ ನೋಡಿ. ಎರಡು ಆಕ್ಟಿವ್ ಸ್ಪೀಕರ್, ಬರೀ ಮಾತಿಗೆ ಸರಾಸರಿ ತಲಾ 40 ವ್ಯಾಟ್. ಮಿಕ್ಸರ್ 20, ಮೈಕ್ ರಿಸೀವರ್ 5, ಎಲ್‌ಇಡಿ ದೀಪ ಎರಡಕ್ಕೆ 100, ರೂಟರ್ 10. ಒಟ್ಟು 215 ವ್ಯಾಟ್. ಒಂದು ಕಿಲೋವ್ಯಾಟ್-ಗಂಟೆಯ ಪವರ್ ಸ್ಟೇಷನ್‌ನಲ್ಲಿ ಇನ್ವರ್ಟರ್ ನಷ್ಟ ಕಳೆದು ಸುಮಾರು 850 ವ್ಯಾಟ್-ಗಂಟೆ ಸಿಗುತ್ತೆ, ಅಂದರೆ ನಾಲ್ಕು ಗಂಟೆಗೆ ಸ್ವಲ್ಪ ಕಮ್ಮಿ. ಒಂದು ಸಂಜೆಗೆ ಧಾರಾಳ. ಕೆಡಿಸೋದು ಇವು:
- ಬಾರಿನವರು ಕಾಫಿ ಯಂತ್ರವನ್ನೂ ಅದಕ್ಕೇ ಚುಚ್ಚಿಬಿಡ್ತಾರೆ. ಬಿಸಿಯಾಗೋವಾಗ 1,500 ವ್ಯಾಟ್ ಎಳೆದು, ಓವರ್‌ಲೋಡ್ ಆಗಿ ಮೈಕೂ ಸತ್ತುಹೋಗುತ್ತೆ.
- ಅರ್ಥಿಂಗ್ ಇಲ್ಲದ ಇನ್ವರ್ಟರ್‌ನಿಂದ ಸ್ಪೀಕರ್‌ನಲ್ಲಿ ಗುಂಯ್‌ಗುಡುವ ಸದ್ದು. ಮಿಕ್ಸರ್ ಮತ್ತು ಸ್ಪೀಕರ್ ಒಂದೇ ಬೋರ್ಡಿನಲ್ಲಿ ಇರಬೇಕು, ಬ್ಯಾಲೆನ್ಸ್ಡ್ ಕೇಬಲ್ಲೇ ಬಳಸಬೇಕು.
- ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ತಗೊಳ್ಳಲ್ಲ. ಡಿಸೆಂಬರಿನಲ್ಲಿ ಕಾರಿನ ಡಿಕ್ಕಿಯಲ್ಲಿ ರಾತ್ರಿಯಿಡೀ ಬಿಟ್ಟಿದ್ದನ್ನು ತಂದ ಕೂಡಲೇ ಚಾರ್ಜಿಗೆ ಹಾಕಿದರೆ ಚಾರ್ಜೇ ಆಗಲ್ಲ, ಮೊದಲು ಒಳಗಿಟ್ಟು ಬೆಚ್ಚಗಾಗಿಸಬೇಕು.
- ಪೆಟ್ರೋಲ್ ಜನರೇಟರ್ ಮೆಟ್ಟಿಲ ಬಾಯಲ್ಲಿ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ನೆಲಮಾಳಿಗೆಗೆ ಇಳಿಯುತ್ತೆ. ಈ ಸಾಲಿನಲ್ಲಿ ಜೀವಕ್ಕೇ ಕುತ್ತು ತರೋದು ಇದೊಂದೇ.

ಇನ್ನು ಜೋಕಿನ ಕಟ್ಟಡ. ಮೊದಲ ಐದು ನಿಮಿಷದಲ್ಲಿ ಬಿತ್ತಿದ್ದನ್ನು ಕೊನೆಗೆ ಕೊಯ್ಯೋ ಕಾಲ್‌ಬ್ಯಾಕ್ ಮಧ್ಯೆ 40 ನಿಮಿಷ ಸೈರನ್ ಬಂದರೆ ಸತ್ತಂತೆಯೇ. ಅದಕ್ಕೆ ನಾಲ್ಕೈದು ನಿಮಿಷದ ಸ್ವತಂತ್ರ ತುಣುಕುಗಳಾಗಿ ಕಟ್ಟೋದು ಜಾಣತನ. ವಾಪಸ್ ಬಂದಾಗ ಮೊದಲ ಮಾತು ಸೈರನ್ ಬಗ್ಗೆಯೇ ಇರಬೇಕು. ಇಲ್ಲದಿದ್ದರೆ ಜನರ ತಲೆ ಇನ್ನೂ ಫೋನಿನಲ್ಲೇ ಇರುತ್ತೆ.

ಕೆರೆ_ಏರಿ
ನಿಜವಾಗಿಯೂ ಎಲ್ಲರೂ ಎದ್ದು ಹೋಗ್ತಾರಾ? ಮೂರ್ನಾಲ್ಕು ವರ್ಷ ಆದಮೇಲೂ?

ಬಿಳಿಗಿರಿ_ಧ್ವನಿ
ಏನು ಹಾರ್ತಿದೆ ಅನ್ನೋದರ ಮೇಲೆ. ಸೈರನ್ ಆದ ತಕ್ಷಣ ಇಡೀ ಸಭೆ ಟೆಲಿಗ್ರಾಂ ತೆಗೆಯುತ್ತೆ. ರಷ್ಯಾದ ಮಿಗ್-31ಕೆ ವಿಮಾನ ನೆಲ ಬಿಟ್ಟರೆ ಸಾಕು, ಅದು ಕಿನ್‌ಝಾಲ್ ಕ್ಷಿಪಣಿ ಹೊರಬಲ್ಲದು ಅಂತ ದೇಶಪೂರ್ತಿ ಎಚ್ಚರಿಕೆ. ಎಷ್ಟೋ ಸಲ ಏನೂ ಹಾರಿಸದೆ ಇಳಿಯುತ್ತೆ. ‘ಬರೀ ಮಿಗ್’ ಅಂತ ಕೂತಲ್ಲೇ ಕೂರೋರು ಬಹಳ ಜನ. ಬ್ಯಾಲಿಸ್ಟಿಕ್ ಅಂದರೆ ಲೆಕ್ಕ ನಿಮಿಷಗಳದ್ದು, ಆಗ ಯಾರೂ ತಮಾಷೆ ಮಾಡಲ್ಲ. ಶಾಹೆದ್ ಡ್ರೋನ್ ಆದರೆ ಗಂಟೆಗಟ್ಟಲೆ ಎಳೆಯುತ್ತೆ, ಅದರಲ್ಲೂ ರಾತ್ರಿ. ಮನೆಯಲ್ಲಿರೋರಿಗೆ ‘ಎರಡು ಗೋಡೆ’ ನಿಯಮ: ಹೊರಗೋಡೆ ಸ್ಫೋಟದ ಹೊಡೆತ ತಡೆಯುತ್ತೆ, ಎರಡನೆಯದು ಚೂರುಗಳನ್ನ. ಅದಕ್ಕೆ ಕಾರಿಡಾರ್ ಅಥವಾ ಬಚ್ಚಲಲ್ಲಿ ಮಲಗ್ತಾರೆ. ಯಾವ ಉಕ್ರೇನಿ ಸಭೆಯಲ್ಲೂ ಇದನ್ನು ವಿವರಿಸೋ ಅಗತ್ಯ ಇಲ್ಲ, ‘ಕಾರಿಡಾರ್’ ಅಂದರೆ ಸಾಕು.

ಖಾರ್ಕಿವ್ ಕಥೆಯೇ ಬೇರೆ. ರಷ್ಯಾ ಗಡಿಗೆ ಸುಮಾರು 30 ಕಿ.ಮೀ. ಸೈರನ್‌ಗಿಂತ ಮೊದಲೇ ಸ್ಫೋಟ ಕೇಳಿಸೋದುಂಟು. ಶಾಲೆಗಳೂ ಕಾರ್ಯಕ್ರಮಗಳೂ ನೆಲದಡಿಗೆ ಹೋದವು, ಮೆಟ್ರೊ ನಿಲ್ದಾಣಗಳಲ್ಲೇ ತರಗತಿ ನಡೆದವು. ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಗಳು ಓದುತ್ತಿದ್ದ ಊರು ಅದೇ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿ ತೀರಿಕೊಂಡಿದ್ದೂ ಅಲ್ಲೇ.

ನಾಕುತಂತಿಮೀಟು
ಈಗ ಮೂಲ ಪ್ರಶ್ನೆಗೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ.

ಯುದ್ಧಕಾಲದ ಹಾಸ್ಯದಿಂದ ಸಮಾಜವನ್ನು ಓದಬೇಕಾದರೆ ಜೋಕು ಎಷ್ಟು ಕಪ್ಪಾಗಿದೆ ಅಂತ ನೋಡಬೇಡಿ, ಬಾಣ ಎತ್ತ ತಿರುಗಿದೆ ನೋಡಿ. ನನ್ನ ಲೆಕ್ಕದಲ್ಲಿ ಅದು ನಾಲ್ಕು ಸಲ ತಿರುಗಿದೆ.

2022ರ ವಸಂತ: ಬಾಣ ಪೂರ್ತಿ ಹೊರಕ್ಕೆ. ಖೆರ್ಸೋನ್ ಹತ್ತಿರದ ಚೊರ್ನೊಬಾಯಿವ್ಕಾ ವಿಮಾನ ನಿಲ್ದಾಣಕ್ಕೆ ರಷ್ಯಾದ ಪಡೆ ಮತ್ತೆ ಮತ್ತೆ ಬಂದು ಅಲ್ಲೇ ಮತ್ತೆ ಮತ್ತೆ ಹೊಡೆತ ತಿಂದಿದ್ದು, ಟ್ರ್ಯಾಕ್ಟರ್‌ಗಳು ಟ್ಯಾಂಕ್ ಎಳೆದುಕೊಂಡು ಹೋಗಿದ್ದು, ಏಪ್ರಿಲ್ 14ರಂದು ಮಾಸ್ಕ್ವಾ ಯುದ್ಧನೌಕೆ ಮುಳುಗಿದ್ದು. ವೃತ್ತಿಪರ ಹಾಸ್ಯಗಾರರಿಗೆ ಇಲ್ಲಿ ಕೆಲಸವೇ ಇರಲಿಲ್ಲ. ಅಂಚೆ ಇಲಾಖೆಯ ಸ್ಟಾಂಪೇ (ರಷ್ಯಾದ ಯುದ್ಧನೌಕೆಗೆ ಬೆರಳು ತೋರಿಸೋ ಸೈನಿಕ) ಜೋಕಾಗಿತ್ತು, ಟೆಲಿಗ್ರಾಂ ಗುಂಪುಗಳು ಗಂಟೆಗೊಂದು ಕಟ್ಟುತ್ತಿದ್ದವು. ಶತ್ರುವನ್ನು ಮೂರ್ಖ ಅಂತ ತೋರಿಸೋ ನಗು ಭಯ ಕಮ್ಮಿ ಮಾಡುತ್ತೆ, ಆದರೆ ಬೇಗ ಹಳಸುತ್ತೆ. ಮೂರ್ಖನ ಕೈಲಿ ನಿಮ್ಮವರು ಸಾಯ್ತಾ ಹೋದರೆ ಆ ಜೋಕು ನಿಮಗೇ ತಿರುಗಿ ಚುಚ್ಚುತ್ತೆ.

2022-23ರ ಚಳಿಗಾಲ: ಬಾಣ ಬದುಕಿನ ಕಡೆಗೆ. ಕರೆಂಟು, ನೀರು, ಲಿಫ್ಟು. ಮಹಡಿ ಹೆಚ್ಚಾದಷ್ಟೂ ಫ್ಲ್ಯಾಟಿನ ಬೆಲೆ ಹೆಚ್ಚು ಅನ್ನೋ ಲೆಕ್ಕ ತಲೆಕೆಳಗಾಯ್ತು. ಈ ಘಟ್ಟದ ಹಾಸ್ಯವೇ ಅತ್ಯಂತ ಬೆಚ್ಚಗಿನದು ಅನ್ನೋದು ನನ್ನ ಅಭಿಪ್ರಾಯ, ಯಾಕಂದರೆ ಕತ್ತಲೆ ಸಭೆಯಲ್ಲಿದ್ದ ಎಲ್ಲರ ಮೇಲೂ ಒಂದೇ ಸಮ ಬಿದ್ದಿತ್ತು. ಅಷ್ಟು ಸಮಾನತೆ ಆಮೇಲೆ ಬರಲೇ ಇಲ್ಲ.

2023: ಬಾಣ ಮೇಲಕ್ಕೆ. ಜನವರಿಯಲ್ಲೇ ರಕ್ಷಣಾ ಸಚಿವಾಲಯ ಮೊಟ್ಟೆಗೆ ತಲಾ 17 ಹ್ರಿವ್ನಿಯಾದಂತೆ (ಉಕ್ರೇನಿನ ಹಣ) ಒಪ್ಪಂದ ಮಾಡಿಕೊಂಡ ಸುದ್ದಿ ಹೊರಬಿತ್ತು. ಕೀವ್ ಅಂಗಡಿಯಲ್ಲಿ ಆಗ ಸುಮಾರು 7. ಕೋಟಿಗಳ ಹಗರಣ ಯಾರ ತಲೆಗೂ ಹೋಗಲ್ಲ, ಮೊಟ್ಟೆಯ ದರ ಎಲ್ಲರಿಗೂ ಗೊತ್ತು. ಸೆಪ್ಟೆಂಬರ್‌ನಲ್ಲಿ ಸಚಿವ ರೆಝ್ನಿಕೋವ್ ಹೋದರು, ‘17ರ ಮೊಟ್ಟೆ’ ಉಳಿಯಿತು.

2024ರಿಂದ ಈಚೆಗೆ: ಬಾಣ ಸಭೆಯ ಒಳಕ್ಕೆ. ಏಪ್ರಿಲ್‌ನಲ್ಲಿ ಸೇನೆಗೆ ಕಡ್ಡಾಯ ಕರೆಯ ಕನಿಷ್ಠ ವಯಸ್ಸು 27ರಿಂದ 25ಕ್ಕೆ ಇಳಿಯಿತು. ಮೇ 18ರಿಂದ ಹೊಸ ಕಾನೂನು, ಅದೇ ದಿನ ‘ರೆಝೆರ್ವ್+’ ಆ್ಯಪ್. ಗಂಡಸರು ತಮ್ಮ ವಿವರ ತಾವೇ ನವೀಕರಿಸಬೇಕು. ಭರ್ತಿ ಕಚೇರಿಯವರು ರಸ್ತೆಯಲ್ಲಿ ಹಿಡಿದು ಮಿನಿಬಸ್ಸಿಗೆ ಹತ್ತಿಸೋ ವಿಡಿಯೊಗಳು ಹರಿದಾಡಿದವು. ಅಕ್ಟೋಬರ್‌ನಲ್ಲಿ ಕೀವ್‌ನ ಪಲಾಟ್ಸ್ ಸ್ಪೋರ್ತು ಬಳಿ ಓಕೆಯಾನ್ ಎಲ್ಜಿ ತಂಡದ ಸಂಗೀತ ಕಾರ್ಯಕ್ರಮದಿಂದ ಹೊರಬರ್ತಿದ್ದ ಗಂಡಸರ ದಾಖಲೆ ತಪಾಸಣೆ ಆಯ್ತು. ಈಗ ಯೋಚಿಸಿ: ವೇದಿಕೆಯ ಮೇಲೆ 30ರ ಹಾಸ್ಯಗಾರ. ಕೆಳಗೆ ರಜೆಯ ಮೇಲೆ ಬಂದ ಸೈನಿಕ, ಮನೆಯಿಂದ ಹೊರಬರೋಕೆ ಹೆದರೋ ತರುಣ, ಮಗನನ್ನು ಕಳಕೊಂಡ ತಾಯಿ, ಪೋಲೆಂಡಿನಿಂದ ಹದಿನೈದು ದಿನಕ್ಕೆ ಬಂದ ಹೆಂಗಸು. ಒಂದೇ ಜೋಕಿಗೆ ನಾಲ್ವರೂ ನಗೋದಿಲ್ಲ. ಅದೇ ಜೋಕಿಗೆ ಒಬ್ಬರು ನಗುವಾಗ ಇನ್ನೊಬ್ಬರು ಅವರ ಕಡೆ ತಿರುಗಿ ನೋಡ್ತಾರೆ. ಈಗಿನ ಉಕ್ರೇನ್ ಹಾಸ್ಯದ ನಿಜವಾದ ವಸ್ತು ರಷ್ಯಾ ಅಲ್ಲ, ‘ಈ ಯುದ್ಧಕ್ಕೆ ಯಾರೆಷ್ಟು ತೆತ್ತರು’ ಅನ್ನೋ ಬಾಯಿಬಿಟ್ಟು ಹೇಳದ ಲೆಕ್ಕ.

ಹೊನ್ನೇರು
ಒಪ್ಪಲ್ಲ. ಯಾರ ಕನ್ನಡಿ ಇದು? ಟಿಕೆಟ್ ಕೊಳ್ಳೋರು ಕೀವ್, ಲ್ವಿವ್ ಥರದ ಊರುಗಳ 20-40 ವಯಸ್ಸಿನವರು, ಯೂಟ್ಯೂಬ್ ನೋಡೋರು, ಉಕ್ರೇನಿಯನ್ ಮಾತಾಡೋಕೆ ಮನಸ್ಸು ಮಾಡಿದವರು. ಸುಮಿ ಜಿಲ್ಲೆಯ ಹಳ್ಳಿ ಮುದುಕಿ ಇದರಲ್ಲಿಲ್ಲ. ಆಕ್ರಮಿತ ಮೆಲಿತೋಪೋಲ್‌ನಲ್ಲಿ ಬಾಯಿಮುಚ್ಚಿಕೊಂಡಿರೋರು ಇಲ್ಲ. 60 ದಾಟಿದವರು ಇವತ್ತಿಗೂ ಟಿವಿಯ ಸ್ಕಿಟ್ ಹಾಸ್ಯವನ್ನೇ ನೋಡ್ತಾರೆ. ನಿಮ್ಮ ನಾಲ್ಕು ಘಟ್ಟ ಚೆನ್ನಾಗಿದೆ, ಆದರೆ ಅದು ಒಂದು ವರ್ಗದ ನಾಲ್ಕು ಘಟ್ಟ.

ಇನ್ನೊಂದು ಮಾತು. ‘ಕತ್ತಲೆ ಎಲ್ಲರ ಮೇಲೂ ಒಂದೇ ಸಮ’ ಅನ್ನೋದೂ ಪೂರ್ತಿ ನಿಜ ಅಲ್ಲ. ಕರೆಂಟ್ ಕಡಿತ ನಡೆಯೋದು ‘ಚೆರ್ಹಾ’ ಅನ್ನೋ ಸರದಿ ಸಂಖ್ಯೆಯ ಪ್ರಕಾರ, 1.1ರಿಂದ 6.2ರವರೆಗೆ. ಆಸ್ಪತ್ರೆಯ ಲೈನಿನಲ್ಲಿರೋ ಕಟ್ಟಡಕ್ಕೆ ಕಡಿತವೇ ಇರಲ್ಲ. ಪಕ್ಕದ ಕಟ್ಟಡದಲ್ಲಿ ದೀಪ ಉರಿಯೋದನ್ನು ಕತ್ತಲಲ್ಲಿ ಕೂತು ನೋಡೋ ಹೊಟ್ಟೆಕಿಚ್ಚು ಕೂಡ ಆ ಚಳಿಗಾಲದ ಹಾಸ್ಯವೇ.

ನಾಕುತಂತಿಮೀಟು
ಸರದಿ ವಿಷಯ ಸರಿ, ಆದರೆ 1.1, 6.2 ಥರದ ಉಪಗುಂಪು ಆಮೇಲಿನದು. ಮೊದಲ ಚಳಿಗಾಲದಲ್ಲಿ ಗುಂಪುಗಳು ಕಮ್ಮಿ, ತುರ್ತು ಕಡಿತ ಹೆಚ್ಚು, ವೇಳಾಪಟ್ಟಿಗೆ ಅರ್ಥವೇ ಇರಲಿಲ್ಲ. ವರ್ಗದ ಮಾತು ಒಪ್ಪಿದೆ. ಆದರೆ ಈ ವರ್ಗವೇ ಸೇನೆಗೂ ಹೋಗ್ತಿದೆ, ದೇಣಿಗೆಯನ್ನೂ ಕೊಡ್ತಿದೆ. ಚಿಕ್ಕ ಕನ್ನಡಿ, ಸರಿಯಾದ ಜಾಗದಲ್ಲಿದೆ.

ಅಡಕೆ_ಗೊನೆ
ಜೋಕು ಕಟ್ಟೋ ಬಗೆ ನೋಡೋಣ. ಬೇರೆಯವರದ್ದು ಎತ್ತಿ ಬರೆಯಲ್ಲ, ನಾನೇ ಒಂದು ಕಟ್ಟಿದ್ದೀನಿ:

‘ರಾತ್ರಿ ಮೂರು ಗಂಟೆಗೆ ಇಡೀ ಕಟ್ಟಡ ಗಡಗಡ ನಡುಗಿತು. ಕಟ್ಟಡದ ವೈಬರ್ ಗುಂಪಿನಲ್ಲಿ ಯಾರೂ "ಏನು ಬಿತ್ತು?" ಅಂತ ಕೇಳಲಿಲ್ಲ. "ಕರೆಂಟ್ ಬಂತಾ?" ಅಂತ ಕೇಳಿದರು. ಹನ್ನೆರಡು ಮಹಡಿಯ ವಾಷಿಂಗ್ ಮಷೀನ್ ಒಟ್ಟಿಗೆ ತಿರುಗ್ತಿದ್ದವು.’

ಇದು ನಡೆಯುತ್ತೆ. ಹೇಳೋನೂ ಕೇಳೋನೂ ಒಂದೇ ಕಟ್ಟಡದಲ್ಲಿದ್ದಾರೆ, ಯಾರಿಗೂ ಪೆಟ್ಟಾಗಿಲ್ಲ. ಕೊನೆಗೆ ‘ಒಬ್ಬ ಮಾತ್ರ ಉತ್ತರಿಸಲಿಲ್ಲ, ಅವನ ಫ್ಲ್ಯಾಟ್ ಇರಲಿಲ್ಲ’ ಅಂತ ಸೇರಿಸಿ ನೋಡಿ. ಹುಸಿನಗು ಬರಬಹುದು, ಆದರೆ ಮುಂದಿನ ಐದು ನಿಮಿಷ ಸಭೆ ನಿಮ್ಮ ಕೈಲಿರಲ್ಲ. ಯಾರೋ ಒಬ್ಬರಿಗೆ ಆ ಫ್ಲ್ಯಾಟ್ ಯಾವುದು ಅಂತ ಗೊತ್ತಿರುತ್ತೆ.

ಹೇಳೋನ ಹಕ್ಕು ಅನ್ನೋದು ಇಲ್ಲಿ ನೈತಿಕ ಪ್ರಶ್ನೆಗಿಂತ ಕಸುಬಿನ ಪ್ರಶ್ನೆ. ಕೃತಕ ಕಾಲಿನ ಜೋಕನ್ನು ಕಾಲು ಕಳಕೊಂಡ ಮಾಜಿ ಸೈನಿಕ ಹೇಳಿದರೆ ಸಭೆಗೆ ಬಿಡುಗಡೆ: ‘ಅವನೇ ನಗ್ತಿದ್ದಾನೆ, ನಾವೂ ನಗಬಹುದು’. ಕೀವ್‌ನಲ್ಲಿ ಗಾಯಗೊಂಡ ಮಾಜಿ ಸೈನಿಕರು ವೇದಿಕೆ ಏರಿ ಹೇಳ್ತಿರೋದು ಇಂಥವನ್ನೇ: ರಸ್ತೆಯಲ್ಲಿ ಜನ ಮುಖ ನೋಡದೆ ಕಾಲು ನೋಡೋದು, ಸುಮ್ಮನೆ ಥ್ಯಾಂಕ್ಸ್ ಹೇಳಿ ಓಡೋದು, ವೈದ್ಯಕೀಯ ಮಂಡಳಿಯ ಕಾಗದಪತ್ರ. ಅದೇ ಜೋಕು ನಾಗರಿಕನ ಬಾಯಲ್ಲಿ ಬಂದರೆ ಸಭೆ ಜೋಕು ಬಿಟ್ಟು ಅವನನ್ನೇ ಅಳೆಯೋಕೆ ಶುರುಮಾಡುತ್ತೆ. ಹಾಗಾಗಿ ನಾಗರಿಕ ಹಾಸ್ಯಗಾರರು ಸಾಮಾನ್ಯವಾಗಿ ಹಿಡಿಯೋ ದಾರಿ ತಮ್ಮದೇ ಅಂಜಿಕೆ, ನಾಚಿಕೆಯನ್ನು ಗುರಿ ಮಾಡೋದು. ಸೈನಿಕನನ್ನು ನೋಡಿ ನಗಬೇಡ, ಸೈನಿಕನೆದುರು ತಡಬಡಾಯಿಸೋ ನಿನ್ನನ್ನು ನೋಡಿ ನಗು. ಸೆರ್ಹಿಯ್ ಲಿಪ್ಕೊ ಸೇನೆಗೆ ಸೇರಿದ ಮೇಲೆ ಸಮವಸ್ತ್ರದ ಬದುಕನ್ನೇ ವಸ್ತು ಮಾಡಿಕೊಂಡರು. ಕಮಾಂಡರ್, ಫಾರ್ಮು, ಅರ್ಥವಿಲ್ಲದ ಆದೇಶ, ಎಲ್ಲವನ್ನೂ ಒಳಗಿನವನಾಗಿ ಆಡಿಕೊಳ್ಳೋ ಸ್ವಾತಂತ್ರ್ಯ ಅವರಿಗೆ ಬಂತು.

ಪ್ರೇಕ್ಷಕರ ಜತೆ ಮಾತಾಡೋ ಭಾಗ ಇನ್ನೂ ಕಷ್ಟ. ‘ಏನು ಕೆಲಸ ಮಾಡ್ತೀರ?’ ಅನ್ನೋದು ಜಗತ್ತಿನ ಎಲ್ಲ ಕಡೆ ಸುಲಭದ ಪ್ರಶ್ನೆ. ಅಲ್ಲಿ ಅದು ‘ಸೇನೆಯಲ್ಲಿ ಯಾಕಿಲ್ಲ?’ ಅಂತ ಕೇಳಿಸುತ್ತೆ. ‘ಒಬ್ಬರೇ ಬಂದಿದ್ದೀರಾ?’ ಅಂತೂ ಕೇಳಲೇಬಾರದು. ‘ಯಾವ ಊರು?’ ಅಂದರೆ ‘ಮಾರಿಯುಪೋಲ್’ (ರಷ್ಯಾ ನೆಲಸಮ ಮಾಡಿ ಹಿಡಿದ ಊರು) ಅಂತ ಉತ್ತರ ಬರಬಹುದು, ಆಮೇಲೆ ಹೇಳೋಕೆ ಏನೂ ಉಳಿಯಲ್ಲ.

ರಂಗಸಜ್ಜಿಕೆ
ಊರಿನ ಮಾತು ಬಂತಲ್ಲ, 2024ರ ಆರಂಭದ ‘ಝಿನೋಚಿಯ್ ಕ್ವರ್ತಾಲ್’ ಪ್ರಕರಣ ನೆನೆಯಬೇಕು. ಅದು ಕ್ವರ್ತಾಲ್ ಸ್ಟುಡಿಯೊದ ಮಹಿಳಾ ತಂಡ. ಖೆರ್ಸೋನ್ ಪ್ರಾಂತದ ಸ್ಕಾದೋವ್ಸ್ಕ್‌ನಿಂದ ಬಂದ ಹೆಂಗಸಿನ ಬಗ್ಗೆ ಒಂದು ಸ್ಕಿಟ್ ಮಾಡಿದರು. ಹಳ್ಳಿ ಹುಡುಗಿ ರಾಜಧಾನಿಗೆ ಬಂದಳು ಅನ್ನೋ ಹಳೇ ಟಿವಿ ಅಚ್ಚು. ಆದರೆ ಸ್ಕಾದೋವ್ಸ್ಕ್ ಆಗ ಆಕ್ರಮಿತ ಊರು. ಅಲ್ಲಿಂದ ಬಂದವರು ಮನೆ ಬಿಟ್ಟು ಓಡಿಬಂದವರು. ಗಲಾಟೆಯಾಯ್ತು, ಖೆರ್ಸೋನ್ ಆಡಳಿತವೂ ಖಂಡಿಸಿತು, ತಂಡ ಕ್ಷಮೆ ಕೇಳಿತು.

ತಪ್ಪಾಗಿದ್ದು ಎಲ್ಲಿ ಅಂದರೆ ಅಚ್ಚು 2010ರದು, ಊರಿನ ಹೆಸರು 2024ರದು. ಸಣ್ಣ ಬಾರಿನಲ್ಲಿ ಇಪ್ಪತ್ತು ಜನರ ಮುಂದೆ ಮೊದಲು ಪರೀಕ್ಷೆ ಆಗಿದ್ದರೆ ಮೊದಲ ರಾತ್ರಿಯೇ ಇದು ಸತ್ತುಹೋಗ್ತಿತ್ತು. ಓಪನ್ ಮೈಕ್‌ನಲ್ಲಿ ಪೆಟ್ಟು ತಿಂದು ತಿದ್ದಿಕೊಳ್ಳೋ ಸೌಲಭ್ಯ ಟಿವಿ ಬರಹಗಾರರ ಕೋಣೆಗೆ ಇಲ್ಲ.

ಪುಟಾಣಿಪರದೆ
ಭಾಷೆ ವಿಷಯ ಯಾರೂ ಎತ್ತಲಿಲ್ಲ? 2014ಕ್ಕೆ ಮೊದಲು ಅಲ್ಲಿನ ಹಾಸ್ಯದ ದುಡ್ಡೆಲ್ಲ ಮಾಸ್ಕೋದಲ್ಲಿತ್ತು ಅಲ್ವಾ?

ರಂಗಸಜ್ಜಿಕೆ
ದೊಡ್ಡ ಮಾರುಕಟ್ಟೆ ಅದೇ ಆಗಿತ್ತು. ಟಿವಿ ಹಾಸ್ಯದ ಭಾಷೆ ಬಹುಪಾಲು ರಷ್ಯನ್. ಉಕ್ರೇನಿಯನ್ ಮಾತಾಡೋ ಪಾತ್ರ ಅಂದರೆ ಹಳ್ಳಿಗಮಾರ ಅನ್ನೋದು ಸೋವಿಯತ್ ಕಾಲದಿಂದ ಬಂದ ಅಚ್ಚು. ತಾರಾಪುಂಕಾ-ಶ್ಟೆಪ್ಸೆಲ್ ಜೋಡಿಯಲ್ಲಿ ಒಬ್ಬರು ಉಕ್ರೇನಿಯನ್, ಇನ್ನೊಬ್ಬರು ರಷ್ಯನ್, ಅದೇ ಅವರ ಛಾಪು. 2019ರ ರಾಜ್ಯಭಾಷಾ ಕಾನೂನಿನ ಸಾಂಸ್ಕೃತಿಕ ಕಾರ್ಯಕ್ರಮಗಳ ಭಾಗ 2021ರ ಜುಲೈ 16ರಿಂದ ಜಾರಿಗೆ ಬಂತು. ಆದರೆ ನಿಜವಾದ ಬದಲಾವಣೆ ತಂದಿದ್ದು ಕಾನೂನಲ್ಲ, 2022ರ ಫೆಬ್ರುವರಿ. ಪ್ರೇಕ್ಷಕರೇ ಕೇಳೋಕೆ ತಯಾರಿರಲಿಲ್ಲ.

ಕಸುಬಿನಲ್ಲಿ ಆದ ತೊಂದರೆ: ರಷ್ಯನ್‌ನಲ್ಲಿ ವರ್ಷಗಟ್ಟಲೆ ಮಸೆದ ಸೆಟ್ಟನ್ನು ಅನುವಾದಿಸಿದರೆ ನಗು ಬರಲ್ಲ. ಪಂಚ್ ಪದ ವಾಕ್ಯದ ಕೊನೆಯಿಂದ ಜಾರಿಹೋಗುತ್ತೆ. ಬೈಗುಳದ ತೂಕ ಬೇರೆ. ಬಹಳ ಜನ ಹಳೆಯದನ್ನು ಬಿಟ್ಟು ಹೊಸದಾಗಿ ಬರೆದರು. ಲಾಭ ಆಗಿದ್ದು ಸುರ್ಝಿಕ್‌ಗೆ, ಎರಡೂ ಕಲಸಿದ ಮನೆಮಾತಿಗೆ. ಶುದ್ಧ ಪುಸ್ತಕದ ಭಾಷೆ ವೇದಿಕೆಯಲ್ಲಿ ಬಿಗಿ ಅನ್ನಿಸುತ್ತೆ, ಸುರ್ಝಿಕ್ ಅಜ್ಜಿಯ ಅಡುಗೆಮನೆಯಿಂದ ಬಂದಂತೆ ಕೇಳಿಸುತ್ತೆ.

ದಂಡೆಕಲ್ಲು
ದುಡ್ಡಿನ ದಾರಿ ಬಗ್ಗೆ. ಅಲ್ಲಿ ಶೋ ಅಂದರೆ ದೇಣಿಗೆ ಸಂಗ್ರಹವೂ ಹೌದು. ಸಾಮಾನ್ಯ ಕ್ರಮ: ಟಿಕೆಟ್ ಹಣದ ಒಂದು ಪಾಲು ಸೇನೆಗೆ, ಕೊನೆಗೆ ಹರಾಜು. ಹರಾಜಿಗೆ ಇಡೋದು ಸೈನಿಕರ ಸಹಿ ಇರೋ ಧ್ವಜ, ಖಾಲಿ ಶೆಲ್ ಕೊಳವೆ, ಬಿದ್ದ ಡ್ರೋನಿನ ತುಂಡು. ಪರದೆಯ ಮೇಲೆ ಮೊನೊಬ್ಯಾಂಕಿನ ‘ಬಾಂಕಾ’ದ ಕ್ಯೂಆರ್ ಕೋಡ್, ಅಂದರೆ ಗುರಿ ಮೊತ್ತ ಹಾಕಿಟ್ಟ ಸಂಗ್ರಹ ಖಾತೆ. ಕೆಡೋದು ಎರಡು ಕಡೆ: ‘ಸೇನೆಗೆ’ ಅಂತ ಮೊಗಮ್ಮಾಗಿ ಹೇಳಿದರೆ ಕೈ ಬಿಚ್ಚಲ್ಲ, ಇಂಥ ದಳಕ್ಕೆ ಇಷ್ಟು ಡ್ರೋನ್ ಅಂದರೆ ಬಿಚ್ಚುತ್ತೆ. ಆಮೇಲೆ ಖರೀದಿಯ ರಸೀದಿ, ಹಸ್ತಾಂತರದ ಫೋಟೊ ಹಾಕದಿದ್ದರೆ ಮುಂದಿನ ಸಲ ಯಾರೂ ನಂಬಲ್ಲ.

ಹಾಸ್ಯಗಾರನ ಮೇಲೆ ಜನರ ನಂಬಿಕೆ ಎಷ್ಟು ಅನ್ನೋದಕ್ಕೆ ಸೆರ್ಹಿಯ್ ಪ್ರಿತುಲಾ ಸಾಕ್ಷಿ. ಟಿವಿ ಹಾಸ್ಯದಿಂದ ಬಂದವರು. 2022ರ ಜೂನ್‌ನಲ್ಲಿ ಮೂರು ಬೈರಾಕ್ತಾರ್ ಡ್ರೋನಿಗೆ 50 ಕೋಟಿ ಹ್ರಿವ್ನಿಯಾ ಕೇಳಿದರು, ಮೂರು ದಿನದಲ್ಲಿ 60 ಕೋಟಿ ಬಂತು. ತಯಾರಕ ಕಂಪನಿ ಹಣ ಬೇಡ ಅಂತ ಉಚಿತವಾಗಿ ಕೊಟ್ಟಿತು. ಆ ದುಡ್ಡಲ್ಲಿ ಫಿನ್ಲೆಂಡಿನ ಐಸ್‌ಐ ಕಂಪನಿಯ ರೇಡಾರ್ ಉಪಗ್ರಹದ ಸೇವೆ ಕೊಂಡರು, ಆಗಸ್ಟ್‌ನಲ್ಲಿ ಘೋಷಣೆಯಾಯ್ತು.

ಕೆರೆ_ಏರಿ
ಹಾಗಾದರೆ ಯುದ್ಧದ ಹೊತ್ತಲ್ಲಿ ಅಧ್ಯಕ್ಷರನ್ನ ಆಡಿಕೊಳ್ಳಬಹುದಾ? ಸೆನ್ಸಾರ್ ಇಲ್ಲವಾ?

ಹೊನ್ನೇರು
ಧಾರಾಳವಾಗಿ ಆಡಿಕೊಳ್ತಾರೆ. ಕಾನೂನಿನ ಗೆರೆ ಇರೋದು ಬೇರೆ ಕಡೆ: 2022ರ ಮಾರ್ಚ್‌ನಲ್ಲಿ ದಂಡಸಂಹಿತೆಗೆ ಸೇರಿಸಿದ 114-2ನೇ ವಿಧಿ. ಸೇನೆಯ ಚಲನವಲನ, ನೆಲೆ, ಶಸ್ತ್ರಾಸ್ತ್ರ ಬಂದ ದಾರಿ ಬಯಲು ಮಾಡೋದು ಅಪರಾಧ. ವೇದಿಕೆಗೆ ಇದರ ಅರ್ಥ ಏನಂದ್ರೆ ನಿನ್ನೆ ಎಲ್ಲಿ ಬಿತ್ತು ಅಂತ ರಸ್ತೆ ಹೆಸರು ಹೇಳಬೇಡ, ಸಮವಸ್ತ್ರದವನ ದಳ ಯಾವುದು, ಎಲ್ಲಿಂದ ಬಂದ ಅಂತ ಮೈಕಲ್ಲಿ ಕೇಳಬೇಡ, ಅವನ ಮುಖ ರೆಕಾರ್ಡಿಂಗಿನಲ್ಲಿ ಇದ್ದರೆ ಮಸುಕು ಮಾಡು. ಪ್ರವಾಸದ ಮೇಲೂ ಕಟ್ಟು: 18-60ರ ಗಂಡಸರು ದೇಶ ಬಿಡುವಂತಿಲ್ಲ (2025ರ ಆಗಸ್ಟ್ ಕೊನೆಯಿಂದ 18-22ರವರಿಗೆ ಸಡಿಲಿಕೆ). ವಾರ್ಸಾ, ಬರ್ಲಿನ್‌ನಲ್ಲಿ ಶೋ ಮಾಡಬೇಕಾದರೆ ಗಂಡು ಹಾಸ್ಯಗಾರರಿಗೆ ವಿಶೇಷ ಅನುಮತಿ ಬೇಕು. ಅನುಮತಿ ಪಡೆದು ಹೋದವನು ವಾಪಸ್ ಬರ್ತಾನಾ ಅನ್ನೋದೇ ಅಲ್ಲಿ ಒಂದು ಜೋಕು.

ಅಧಿಕಾರದ ಮೇಲಿನ ಹಾಸ್ಯ 2025ರಲ್ಲಿ ಬೀದಿಗೇ ಬಂತು. ಜುಲೈ 22ರಂದು ಭ್ರಷ್ಟಾಚಾರ ತನಿಖಾ ಸಂಸ್ಥೆಗಳಾದ ನಾಬು, ಸಾಪೊಗಳ ಸ್ವಾತಂತ್ರ್ಯ ಕತ್ತರಿಸೋ ಕಾನೂನು ಪಾಸಾದಾಗ ತರುಣರು ರಟ್ಟಿನ ಫಲಕ ಹಿಡಿದು ನಿಂತರು. ಫಲಕಗಳ ತುಂಬ ಬೈಗುಳ, ಕವಿತೆಯ ಸಾಲು, ಮೀಮ್. ಜುಲೈ 31ಕ್ಕೆ ಸಂಸತ್ತು ಅಧಿಕಾರ ವಾಪಸ್ ಕೊಟ್ಟಿತು. ನವೆಂಬರ್‌ನಲ್ಲಿ ಸರ್ಕಾರಿ ಅಣುವಿದ್ಯುತ್ ಕಂಪನಿ ಎನೆರ್ಹೊಆಟೊಮ್ ಲಂಚದ ಪ್ರಕರಣದಲ್ಲಿ ನಾಬು ಹೆಸರಿಸಿದವರಲ್ಲಿ ಕ್ವರ್ತಾಲ್ 95ರ ಸಹಮಾಲೀಕ ತಿಮೂರ್ ಮಿಂದಿಚ್ ಕೂಡ ಇದ್ದರು. ಆರೋಪದ ಮೊತ್ತ ಸುಮಾರು 10 ಕೋಟಿ ಡಾಲರ್. ಹಾಸ್ಯದ ಸ್ಟುಡಿಯೊದ ಹೆಸರೇ ಸ್ಟ್ಯಾಂಡಪ್‌ನವರಿಗೆ ವಸ್ತು ಆದ ಮೇಲೆ ಎರಡು ಪೀಳಿಗೆಯ ನಡುವಿನ ಅಂತರ ಯಾರೂ ವಿವರಿಸಬೇಕಿಲ್ಲ.

ಪುಟಾಣಿಪರದೆ
ಭಾಷೆ ಬಾರದ ನಾವು ಇದನ್ನು ನೋಡೋದು ಹೇಗೆ?

ಅಡಕೆ_ಗೊನೆ
ಯೂಟ್ಯೂಬಿನಲ್ಲಿ ಪೂರ್ತಿ ಸೆಟ್ಟುಗಳಿವೆ. ಸೆಟ್ಟಿಂಗ್ಸ್‌ನಲ್ಲಿ ಸಬ್‌ಟೈಟಲ್ ಅನ್ನು ಮೊದಲು ಉಕ್ರೇನಿಯನ್‌ಗೆ ಇಡಿ, ಆಮೇಲೆ ‘ಸ್ವಯಂ ಅನುವಾದ’ದಿಂದ ಇಂಗ್ಲಿಷ್ ಆರಿಸಿ. ನೇರ ಕನ್ನಡಕ್ಕೆ ಹಾಕಿದರೆ ವಾಕ್ಯ ತುಂಡಾಗುತ್ತೆ. ವೇಗ 0.75ಕ್ಕೆ ಇಳಿಸಿದರೆ ಓದೋಕೆ ಸಮಯ ಸಿಗುತ್ತೆ, ಆದರೆ ಜೋಕಿನ ಲಯ ಕೆಡುತ್ತೆ. ಒಮ್ಮೆ ನಿಧಾನವಾಗಿ, ಮತ್ತೊಮ್ಮೆ ಮಾಮೂಲಿ ವೇಗದಲ್ಲಿ ನೋಡಿ.

ಯಂತ್ರ ಎಡವೋ ಜಾಗಗಳು ಇವು: ‘ಇನ್ನೂರು’ ಅಂದರೆ ಸತ್ತವರು, ‘ಮುನ್ನೂರು’ ಅಂದರೆ ಗಾಯಾಳು, ಸೇನೆಯ ಸಂಕೇತ. ‘ಸೊನ್ನೆ’ ಅಂದರೆ ಮುಂಚೂಣಿಯ ಕೊನೆಯ ಗೆರೆ. ‘ಮೊಪೆಡ್’ ಅಂದರೆ ಶಾಹೆದ್, ಸದ್ದಿನಿಂದ ಬಂದ ಅಡ್ಡಹೆಸರು. ‘ಪ್ರಿಲಿತ್’ ಅನ್ನು ‘ಆಗಮನ’ ಅಂತ ತೋರಿಸುತ್ತೆ, ಅದು ಕ್ಷಿಪಣಿ ಬಿದ್ದಿದ್ದು. ‘ತೆತ್ಸೆಕಾ’ ಸೇನಾ ಭರ್ತಿ ಕಚೇರಿ, ‘ಬೂಸಿಕ್’ ಅವರ ಮಿನಿಬಸ್, ‘ಉಹಿಲ್ಯಾಂತ್’ ಸೇನೆ ತಪ್ಪಿಸಿಕೊಂಡು ಓಡಾಡೋನು, ‘ಎಸ್‌ಝೆಚೆ’ ಅನುಮತಿ ಇಲ್ಲದೆ ದಳ ಬಿಟ್ಟಿದ್ದು. ಸುರ್ಝಿಕ್ ಬಂದಾಗ ಪಠ್ಯ ಪೂರ್ತಿ ಹಾಳಾಗುತ್ತೆ, ಆಗ ಸಭೆಯ ನಗು ಕೇಳಿ ಅಂದಾಜು ಮಾಡೋದೇ.

ವಿಡಿಯೊ ಹಾಕಿದ ದಿನಾಂಕ ನಂಬಬೇಡಿ. ಶೋ ನಡೆದು ತಿಂಗಳುಗಟ್ಟಲೆ ಆದಮೇಲೆ ಹಾಕೋದುಂಟು. ಒಳಗಿನ ಸುಳಿವು ಹುಡುಕಿ: ಮೊಟ್ಟೆಯ ಮಾತಿದ್ದರೆ 2023, ಕಡ್ಡಾಯ ಕರೆ 25ಕ್ಕೆ ಇಳಿದ ಮಾತಿದ್ದರೆ 2024ರ ಏಪ್ರಿಲ್ ನಂತರ, ಶ್ವೇತಭವನದಲ್ಲಿ ಸೂಟು ಯಾಕೆ ಹಾಕಿಲ್ಲ ಅಂತ ಝೆಲೆನ್‌ಸ್ಕಿಯನ್ನು ಕೇಳಿದ ಪ್ರಸಂಗ ಬಂದರೆ 2025ರ ಫೆಬ್ರುವರಿ 28ರ ನಂತರ. ಮೊದಲು ಹಳೆಯದು, ಆಮೇಲೆ ಹೊಸದು ನೋಡಿ. ನಾಕುತಂತಿಯವರು ಹೇಳಿದ ಬಾಣದ ತಿರುವು ಆಗ ನಿಮಗೇ ಕಾಣುತ್ತೆ, ಕಾಣದಿದ್ದರೆ ಇಲ್ಲಿ ಬಂದು ಜಗಳ ಆಡಿ.

ಹೊನ್ನೇರು
ಬಾಯ್ದಾಕ್‌ನಿಂದ ಮಾತ್ರ ಶುರುಮಾಡಬೇಡಿ. ಅವರದು ಅಸಂಬದ್ಧ ಹಾಸ್ಯ, ಅಲ್ಲಿನವರಿಗೇ ಎಷ್ಟೋ ಸಲ ತಲೆಬುಡ ಹತ್ತಲ್ಲ. ಅನುವಾದ ಕೆಟ್ಟಿದೆಯೋ ಜೋಕೇ ಹಾಗಿದೆಯೋ ಅಂತ ನಿಮಗೆ ಗೊತ್ತಾಗೋದೇ ಇಲ್ಲ.